ದೃಶ್ಯಮುದ್ರಿಕೆಯಿಂದ ಪಠ್ಯಕ್ಕೆ: ಕೊಳ್ಳೇಗಾಲ ಸೀಮೆಯ ಮೌಖಿಕ ಕಾವ್ಯಗಳ ಧ್ವನಿ ಬೇರ್ಪಡಿಕೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯು ಕನ್ನಡದ ಎರಡು ಮಹತ್ವದ ಮೌಖಿಕ ಕಾವ್ಯಗಳ ನೆಲೆ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರೂ, ಮಂಟೇಸ್ವಾಮಿ ಹಾಗೂ ಸಿದ್ಧಪ್ಪಾಜಿಯವರ ಕಥೆಯನ್ನು ತಂಬೂರಿಯ ನೀಲಗಾರರೂ ಹಾಡುತ್ತ ಬಂದಿದ್ದಾರೆ. ಪಿ.ಕೆ. ರಾಜಶೇಖರ ಅವರ ಮಲೆಯ ಮಾದೇಶ್ವರ ಸಂಪಾದನೆ 1973ರಲ್ಲಿ ಪ್ರಕಟವಾಯಿತು. ಹಿ.ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೊರತಂದಿತು. ಇಂದಿನ ಕ್ಷೇತ್ರಕಾರ್ಯದಲ್ಲಿ ಸಂಗ್ರಹಕಾರ ತರುವುದು ಹೆಚ್ಚಾಗಿ ದೃಶ್ಯಮುದ್ರಿಕೆಯನ್ನು. ಪಠ್ಯ ಬರೆದುಕೊಳ್ಳುವವರಿಗೆ ಬೇಕಾದದ್ದು ಅದರೊಳಗಿನ ಧ್ವನಿ. ಈ ನಡುವಿನ ಹಂತವನ್ನು ಕೇವಲ ಯಾಂತ್ರಿಕ ಕೆಲಸವೆಂದು ಭಾವಿಸಿ ಸಹಾಯಕರಿಗೆ ಒಪ್ಪಿಸುವ ರೂಢಿಯಿದೆ. ಪಠ್ಯಸಂಪಾದನೆಯ ದೃಷ್ಟಿಯಿಂದ ಈ ರೂಢಿ ಸರಿಯಲ್ಲ.

ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿವೆ. ದೃಶ್ಯದ ಕಡತವೆಂಬುದು ಒಂದು ಪೆಟ್ಟಿಗೆಯಿದ್ದಂತೆ. ಚಿತ್ರ ಮತ್ತು ಧ್ವನಿ ಅದರಲ್ಲಿ ಪ್ರತ್ಯೇಕ ಹರಿವುಗಳಾಗಿರುತ್ತವೆ. ಧ್ವನಿಯ ಹರಿವನ್ನು ಇದ್ದಂತೆಯೇ ಹೊರತೆಗೆಯುವುದು ಬೇರ್ಪಡಿಕೆ. ಅದನ್ನು ಬಿಡಿಸಿ ಮತ್ತೊಂದು ನಮೂನೆಯಲ್ಲಿ ಪುನಃ ಕಟ್ಟುವುದು ಪರಿವರ್ತನೆ. ಫ್ಯಾಬ್ರಿಸ್ ಬೆಲಾರ್ 2000ರಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಎರಡನ್ನೂ ಮಾಡಬಲ್ಲದು. ಚಿತ್ರವನ್ನು ಬಿಟ್ಟು ಧ್ವನಿಯನ್ನು ನಕಲಿಸು ಎಂದು ಸೂಚಿಸಿದರೆ ಮೂಲದ ಒಂದು ಅಂಶವೂ ಬದಲಾಗದೆ ಹೊರಬರುತ್ತದೆ. ಸಂಕೋಚನವಿಲ್ಲದ ವೇವ್ ನಮೂನೆಗೆ ಬಿಡಿಸಿಕೊಂಡರೂ ಹೊಸ ನಷ್ಟವಾಗದು. ಎಂಪಿ3ಗೆ ಪರಿವರ್ತಿಸಿದಾಗ ಮಾತ್ರ, ಕಿವಿಗೆ ಕೇಳಿಸದು ಎಂದು ಲೆಕ್ಕ ಹಾಕಿದ ಅಂಶಗಳನ್ನು ತಂತ್ರಾಂಶವೇ ಕೈಬಿಡುತ್ತದೆ.

ಕೈಬಿಡುವ ಈ ಲೆಕ್ಕವೇ ಕಂಸಾಳೆಯ ಹಾಡಿಕೆಯಲ್ಲಿ ತೊಡಕಾಗುತ್ತದೆ. ಈ ಭಾಗದ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ: ಹುಲಿ ಎಂಬುದು ಉಲಿ, ಹಾಲು ಎಂಬುದು ಆಲು. ಆದರೆ ಗಾಯಕನೊಬ್ಬ ಒಂದೇ ರಾತ್ರಿಯ ಹಾಡಿಕೆಯಲ್ಲಿ ಎರಡು ರೂಪಗಳನ್ನೂ ಬಳಸಬಹುದು. ಹಕಾರವೆಂದರೆ ಕ್ಷೀಣವಾದ ಉಸಿರಿನ ಸದ್ದು. ಕಂಚಿನ ತಾಳ ಹಠಾತ್ತನೆ ಬಡಿದಾಗ, ಕಡಿಮೆ ದರದ ಎಂಪಿ3ಯಲ್ಲಿ ಆ ಬಡಿತಕ್ಕೂ ಮುಂಚಿನ ಕ್ಷಣಕ್ಕೆ ಒಂದು ಬಗೆಯ ಮಸುಕು ಸದ್ದು ಹರಡಿಕೊಳ್ಳುತ್ತದೆ. ಅದರಡಿ ಇದ್ದ ಹಕಾರ ಮುಚ್ಚಿಹೋಗಬಹುದು. ಇಲ್ಲದ ಹಕಾರ ಇದ್ದಂತೆಯೂ ಕೇಳಬಹುದು. ಸಂಪಾದಕ ಗ್ರಾಂಥಿಕ ರೂಪವನ್ನೇ ಬರೆದರೆ ಅದು ಗಾಯಕನದೋ, ಸಂಪಾದಕನದೋ, ತಂತ್ರಾಂಶದ್ದೋ ಎಂಬುದನ್ನು ಮುಂದಿನ ಅಧ್ಯಯನಕಾರ ನಿರ್ಣಯಿಸಲಾರ. ಉಪಭಾಷೆಯ ಆಧಾರವೇ ಅಲ್ಲಿ ಕುಸಿಯುತ್ತದೆ.

ಎಂಪಿ3ಯ ಪರವಾಗಿ ಹೇಳುವ ಕಾರಣ ಒಂದೇ, ಗಾತ್ರ. ಸೆಕೆಂಡಿಗೆ 48,000 ಮಾದರಿ, 16 ಬಿಟ್‌ನ ಎರಡು ಚಾನೆಲ್‌ಗಳ ವೇವ್ ಕಡತ ಗಂಟೆಗೆ ಸುಮಾರು 691 ಮೆಗಾಬೈಟ್ ಆಗುತ್ತದೆ. 128 ಕಿಲೋಬಿಟ್ ದರದ ಎಂಪಿ3 ಸುಮಾರು 58. ಎಂಟು ಗಂಟೆ ನಡೆಯುವ ಇಡೀ ರಾತ್ರಿಯ ಕಥೆಗೆ ಐದೂವರೆ ಗಿಗಾಬೈಟ್ ಬೇಕು. ಸೀಡಿಗಳ ಕಾಲದಲ್ಲಿ ಇದು ಹೊರೆಯೇ ಆಗಿತ್ತು. ಇಂದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ಹಲವು ರಾತ್ರಿಗಳ ಕಾವ್ಯ ಹಿಡಿಯುವುದರಿಂದ ಆ ವಾದಕ್ಕೆ ಬಲವಿಲ್ಲ. ಕೇಳಲು, ಹಂಚಲು ಎಂಪಿ3 ಇರಲಿ. ಪಠ್ಯನಿರ್ಣಯಕ್ಕೆ ಅದು ಬೇಡ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಡಿವಿ ಟೇಪಿನಲ್ಲಿ 12 ಬಿಟ್, 32,000 ಮಾದರಿಯ ಕ್ರಮದಲ್ಲಿ ದಾಖಲಾದ ಧ್ವನಿಯನ್ನು 48,000ಕ್ಕೆ ಏರಿಸಿದರೆ ಕಡತ ದೊಡ್ಡದಾದೀತೇ ಹೊರತು 16,000 ಹರ್ಟ್ಸ್‌ಗಿಂತ ಮೇಲಿನ ತಾಳದ ಹೊಳಪು ಮರಳಿ ಬಾರದು. ವಿಸಿಡಿಗಳ ಧ್ವನಿಯೂ ಮೊದಲೇ ಸಂಕುಚಿತ, 224 ಕಿಲೋಬಿಟ್‌ನದು. ಅದನ್ನು ಎಂಪಿ3 ಮಾಡುವುದೆಂದರೆ ಒಮ್ಮೆ ಸೋಸಿದ್ದನ್ನು ಮತ್ತೊಮ್ಮೆ ಸೋಸುವುದು.

ಎರಡು ಚಾನೆಲ್‌ಗಳನ್ನು ಒಂದಾಗಿಸುವ ಮುನ್ನವೂ ಯೋಚಿಸಬೇಕು. ಒಂದರಲ್ಲಿ ಮುಖ್ಯ ಗಾಯಕನೂ ಮತ್ತೊಂದರಲ್ಲಿ ಹಿಮ್ಮೇಳವೂ ಮುಂದಾಗಿ ಕೇಳುವಂತಿದ್ದರೆ, ಸಂಕಮ್ಮನ ಸಾಲಿನಂತಹ ಸಂವಾದಪ್ರಧಾನ ಭಾಗದಲ್ಲಿ ಸೊಲ್ಲನ್ನು ಎತ್ತಿದವರಾರು, ಹಿಡಿದವರಾರು ಎಂಬುದು ಆ ಅಂತರದಿಂದಲೇ ತಿಳಿಯುತ್ತದೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡುಗಳಲ್ಲಿ ಧ್ವನಿಯೊಂದೇ ಸಾಲದು. ಸುತ್ತುತ್ತ ಕುಣಿಯುವವರ ಕಂಠ ಮೈಕಿಗೆ ಹತ್ತಿರವಾಗಿ ಮತ್ತೆ ದೂರವಾಗುತ್ತದೆ. ಕೇಳಿದಷ್ಟಕ್ಕೆ ಗಾಯಕರೇ ಬದಲಾದಂತೆ ತೋರುತ್ತದೆ. ಸಂಶಯ ಬಂದಲ್ಲಿ ದೃಶ್ಯಕ್ಕೆ ಮರಳಬೇಕು. ಆದುದರಿಂದ ಧ್ವನಿಯನ್ನು ಬೇರ್ಪಡಿಸುವಾಗ ಆರಂಭದ ಮೌನವನ್ನಾಗಲಿ ನಡುವಣ ವಿರಾಮವನ್ನಾಗಲಿ ಕತ್ತರಿಸಬಾರದು. ಕತ್ತರಿಸಿದರೆ ಪಠ್ಯದ ಅಂಚಿನಲ್ಲಿ ಗುರುತಿಸಿದ ವೇಳೆಗೂ ದೃಶ್ಯದ ವೇಳೆಗೂ ತಾಳೆಯಾಗದು. ಮೂಲ ಕಡತದ ಹೆಸರು, ಅದರ ನಮೂನೆ, ಮಾದರಿ ದರ, ಬೇರ್ಪಡಿಸಿದ ವಿಧಾನ ಇವಿಷ್ಟನ್ನು ಹಸ್ತಪ್ರತಿಯ ವಿವರ ಕೊಡುವಂತೆಯೇ ಸಂಪಾದಕರು ಪ್ರಸ್ತಾವನೆಯಲ್ಲಿ ದಾಖಲಿಸುವುದು ಅಗತ್ಯ.