ಬಿಡಿ ಫೈಲುಗಳೂ ಕಟ್ಟಿದ ಫೈಲುಗಳೂ



ಮನೆಯ ಕಂಪ್ಯೂಟರಿನಲ್ಲಿ ಮಕ್ಕಳ ಆಟವು ತಡೆತಡೆದು ನಡೆಯುತ್ತದೆ, ಆದಕಾರಣ ಹೊಸ ಯಂತ್ರವನ್ನು ಕೊಳ್ಳಬೇಕೋ ಎಂದು ಪೋಷಕರು ನಮ್ಮನ್ನು ಕೇಳುವುದುಂಟು. ಹೊಸ ಯಂತ್ರವೆಂದರೆ ಅನೇಕ ಕುಟುಂಬಗಳಿಗೆ ಹಲವು ತಿಂಗಳ ಉಳಿತಾಯವೇ ಸರಿ. ಅಷ್ಟು ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ, ಇರುವ ಯಂತ್ರದೊಳಗಿನ ಸಾಮಾನು ಕ್ರಮವಾಗಿದೆಯೋ ಇಲ್ಲವೋ ಎಂದು ನೋಡುವುದು ಒಳ್ಳೆಯದು. ಅಂಥ ಒಂದು ಕ್ರಮವನ್ನು ಈ ಪಾಠದಲ್ಲಿ ವಿವರಿಸುವೆವು.

ವಿಷಯ

ಉದಾಹರಣೆಗಾಗಿ ಸ್ಕೈರಿಮ್ ಎಂಬ ಆಟವನ್ನು ತೆಗೆದುಕೊಳ್ಳೋಣ. ಇದನ್ನು ಅಮೇರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ರಚಿಸಿ, 2011ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಹೊರಡಿಸಿದರು. 2016ರಲ್ಲಿ ಸ್ಪೆಷಲ್ ಎಡಿಷನ್ ಎಂಬ ತಿದ್ದಿದ ಆವೃತ್ತಿಯು ಬಂತು. ಆಟದೊಳಗಿನ ಗೋಡೆ, ಬಂಡೆ, ತೊಗಟೆ, ಉಡುಪು ಇವುಗಳ ಮೇಲೆ ಹೊದಿಸಿದ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಆಟಗಾರರು ತಾವೇ ಹೆಚ್ಚು ಅಂದವಾದ ಚಿತ್ರಗಳನ್ನು ಬರೆದು ಮೂಲದವುಗಳಿಗೆ ಬದಲಾಗಿ ಇಡುತ್ತಾರೆ. ಇಂಥ ಮಾರ್ಪಾಡನ್ನು ಮಾಡ್ ಎನ್ನುತ್ತಾರೆ. ಹತ್ತಾರು ಮಾಡ್‌ಗಳನ್ನು ಕೂಡಿಸಿದಾಗ ಡಿಸ್ಕಿನ ಮೇಲೆ ಸಾವಿರಾರು ಬಿಡಿ ಫೈಲುಗಳು ಸೇರುತ್ತವೆ.

ಕಾರಣ

ನಮ್ಮ ಹಿರಿಯರು ಗ್ರಂಥವನ್ನು ಓಲೆಗರಿಗಳ ಮೇಲೆ ಬರೆದು, ಗರಿಗಳಿಗೆ ತೂತುಮಾಡಿ, ದಾರವನ್ನು ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುತ್ತಿದ್ದರು. ಗರಿಗಳು ಬಿಡಿಬಿಡಿಯಾಗಿ ಮನೆಯ ಮೂಲೆಮೂಲೆಗಳಲ್ಲಿ ಬಿದ್ದಿದ್ದರೆ, ಓದುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುವುದು. ಕಂಪ್ಯೂಟರಿಗೂ ಇದೇ ಕಷ್ಟ. ಪ್ರತಿಯೊಂದು ಬಿಡಿ ಫೈಲಿಗಾಗಿ ಹೆಸರನ್ನು ಹುಡುಕಬೇಕು, ತೆರೆಯಬೇಕು, ಓದಬೇಕು, ಮುಚ್ಚಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 8ಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಓದುವ ಕೈಯು ಚಲಿಸುವ ಕಾಲವು ಬೇರೆ. ಒಂದೊಂದು ಫೈಲಿಗೆ ಅಂಥ 10 ಭಾಗ ವ್ಯರ್ಥವಾಗುವುದೆಂದು ಎಣಿಸಿದರೂ, 1000 ಫೈಲುಗಳಿಗೆ 10 ಸೆಕೆಂಡುಗಳಾದವು.

ಈ ಆಟದಲ್ಲಿ ಬಿಎಸ್ಎ ಎಂಬ ಕಟ್ಟು ಉಂಟು. ಅದರ ಮೊದಲಲ್ಲಿ ಒಂದು ಸೂಚಿಯಿದೆ. ಪ್ರತಿ ಫೈಲಿನ ಹೆಸರನ್ನು ಗೊತ್ತಾದ ನಿಯಮದಂತೆ ಒಂದು ಸಂಖ್ಯೆಯಾಗಿ ಮಾಡಿ, ಅದು ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಆಟವು ಆ ಸೂಚಿಯನ್ನು ನೋಡಿ ಬೇಕಾದ ಸ್ಥಳಕ್ಕೆ ನೆಟ್ಟಗೆ ಹೋಗುತ್ತದೆ. ಈ ಉಪಾಯವು ಹೊಸದಲ್ಲ: 1993ರ ಡೂಮ್ ಎಂಬ ಆಟದಲ್ಲಿಯೂ 1996ರ ಕ್ವೇಕ್ ಎಂಬ ಆಟದಲ್ಲಿಯೂ ಚಿತ್ರಗಳನ್ನು ಹೀಗೆಯೇ ಕಟ್ಟಿಟ್ಟಿದ್ದರು.

ಕ್ರಮ

1. ಮೊದಲು ಬಿಡಿ ಫೈಲುಗಳಿಂದಲೇ ಕೆಲವು ದಿನ ಆಡಿ, ಯಾವ ಚಿತ್ರಗಳು ಉಳಿಯತಕ್ಕವೆಂದು ನಿಶ್ಚಯಿಸಬೇಕು.

2. ಅವೆಲ್ಲವನ್ನೂ ಬೇರೊಂದು ಸ್ಥಳದಲ್ಲಿ ನಕಲುಮಾಡಿ ಇಡಬೇಕು.

3. ಫೋಲ್ಡರುಗಳ ಹೆಸರನ್ನಾಗಲಿ ಅನುಕ್ರಮವನ್ನಾಗಲಿ ಬದಲಿಸಬಾರದು. ಆಟವು ಆ ದಾರಿಯನ್ನು ಹಿಡಿದೇ ಹುಡುಕುತ್ತದೆ.

4. ಕ್ರಿಯೇಷನ್ ಕಿಟ್‌ನೊಡನೆ ಬರುವ ಆರ್ಕೈವ್ ಎಂಬ ಸಾಧನದಿಂದಾಗಲಿ, ಕೆಥೀಡ್ರಲ್ ಅಸೆಟ್ಸ್ ಆಪ್ಟಿಮೈಸರ್ ಎಂಬುದರಿಂದಾಗಲಿ ಕಟ್ಟಬಹುದು. ಒಂದು ಕಟ್ಟು 2 ಗಿಗಾಬೈಟನ್ನು ಮೀರಬಾರದು. ಮೀರುವಂತಿದ್ದರೆ ಎರಡು ಮಾಡಬೇಕು.

5. ಕಟ್ಟಿಗೆ ಅದರ ಪ್ಲಗಿನ್ ಫೈಲಿನ ಹೆಸರನ್ನೇ ಇಡಬೇಕು. ಪ್ಲಗಿನ್ ಇಲ್ಲದಿದ್ದರೆ ಅದೇ ಹೆಸರಿನ ಬರಿದಾದ ಪ್ಲಗಿನ್ ಒಂದನ್ನು ಮಾಡಿ ಇಡಬೇಕು. ಇಲ್ಲವಾದರೆ ಕಟ್ಟು ಇದ್ದೂ ಆಟವು ಅದನ್ನು ತೆರೆಯದು.

6. ಕಟ್ಟಿದ ಮೇಲೆ ಆಟದ ಫೋಲ್ಡರಿನಿಂದ ಬಿಡಿ ಫೈಲುಗಳನ್ನು ತೆಗೆಯಬೇಕು. ಯಾಕಂದರೆ ಬಿಡಿ ಫೈಲು ಕಣ್ಣಿಗೆ ಬಿದ್ದರೆ ಆಟವು ಕಟ್ಟಿನೊಳಗಿನದನ್ನು ಬಿಟ್ಟು ಅದನ್ನೇ ಹಿಡಿಯುತ್ತದೆ. ಆಗ ಪಟ್ಟ ಶ್ರಮವೆಲ್ಲ ವ್ಯರ್ಥ.

ಎಚ್ಚರಿಕೆಗಳು

ಈ ಕೊನೆಯ ನಿಯಮದಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಎರಡು ಮಾಡ್‌ಗಳು ಒಂದೇ ಬಂಡೆಗೆ ಬೇರೆ ಬೇರೆ ಚಿತ್ರ ಕೊಟ್ಟಿದ್ದು, ಒಂದನ್ನು ಮಾತ್ರ ಕಟ್ಟಿದರೆ, ಬಿಡಿಯಾಗಿ ಉಳಿದದ್ದೇ ಗೆಲ್ಲುತ್ತದೆ. ಎರಡನ್ನೂ ಕಟ್ಟಿದರೆ, ಪ್ಲಗಿನ್‌ಗಳ ಸಾಲಿನಲ್ಲಿ ಹಿಂದೆ ಬರುವುದು ಗೆಲ್ಲುತ್ತದೆ. ಆದಕಾರಣ ಯಾವುದು ಮೇಲಾಗಬೇಕೆಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು.

ಕಟ್ಟುವುದರಿಂದ ಆಗದ ಕೆಲಸವನ್ನೂ ತಿಳಿದಿರಬೇಕು. ಒಂದು ಬದಿಗೆ 4096 ಬಿಂದುಗಳುಳ್ಳ ಚೌಕ ಚಿತ್ರವು, ಬಿಂದುವಿಗೆ 1 ಬೈಟಿನ ಲೆಕ್ಕದಲ್ಲಿ, ಚಿತ್ರಕಾರ್ಡಿನ ನೆನಪಿನಲ್ಲಿ 16 ಮೆಗಾಬೈಟ್ ಸ್ಥಳವನ್ನು ಹಿಡಿಯುತ್ತದೆ. ಅದು ಡಿಸ್ಕಿನಲ್ಲಿ ಬಿಡಿಯಾಗಿದ್ದರೂ ಕಟ್ಟಿನಲ್ಲಿದ್ದರೂ ಅಷ್ಟೇ. ಕಾರ್ಡಿನ ನೆನಪು ಸಾಲದೆ ಆಟವು ತಡೆಯುತ್ತಿದ್ದರೆ ಚಿತ್ರವನ್ನೇ 2048ಕ್ಕೆ ಇಳಿಸಬೇಕು. ಆಗ 4 ಮೆಗಾಬೈಟ್ ಸಾಕು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಕಟ್ಟಿದ್ದರ ಲಾಭವು ಕಡಿಮೆ. ಹಳೆಯ ಹಾರ್ಡ್ ಡಿಸ್ಕು ಉಳ್ಳವರಿಗೇ, ಅಂದರೆ ಹೊಸದನ್ನು ಕೊಳ್ಳಲಾರದವರಿಗೇ, ಈ ವಿದ್ಯೆಯು ಹೆಚ್ಚಾಗಿ ಒದಗುತ್ತದೆ. ಧ್ವನಿಯ ಫೈಲುಗಳನ್ನು ಮಾತ್ರ ಒತ್ತಿ ಚಿಕ್ಕದು ಮಾಡಿದ ಕಟ್ಟಿನೊಳಗೆ ಸೇರಿಸಬಾರದು. ಅವು ಸರಿಯಾಗಿ ಕೇಳಿಸವು.

ಕಡೆಯದಾಗಿ, ಆ ಚಿತ್ರಗಳು ಯಾರೋ ಒಬ್ಬರು ರಾತ್ರಿಗಳನ್ನು ಕಳೆದು ಬರೆದವುಗಳು. ನಮ್ಮ ಯಂತ್ರಕ್ಕಾಗಿ ಕಟ್ಟಿಕೊಳ್ಳುವುದು ಬೇರೆ. ಪರರ ಕೆಲಸವನ್ನು ನಮ್ಮ ಕಟ್ಟಿನಲ್ಲಿ ಸೇರಿಸಿ ಅಪ್ಪಣೆಯಿಲ್ಲದೆ ಹಂಚುವುದು ಬೇರೆ. ಕಟ್ಟಿದ ಮೇಲೆ ಒಳಗಿರುವುದು ಯಾರದೆಂದು ಹೊರಗಿನಿಂದ ತೋರುವುದಿಲ್ಲ. ತೋರದಿರುವ ಕಡೆಯಲ್ಲಿಯೇ ನ್ಯಾಯವಾಗಿ ನಡೆಯುವುದನ್ನು ಮಕ್ಕಳು ಕಲಿಯಬೇಕಾಗಿದೆ.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಮಗಳು ಈ ಕೆಲಸದಲ್ಲಿ ತೊಡಗಿರುವಾಗ ಬರೀ ಆಟವೆಂದು ಗದರಿಸಬೇಡಿರಿ. ಸೂಚಿಯನ್ನು ಮಾಡುವುದು, ನಕಲನ್ನು ಕಾಪಾಡುವುದು, ಒಂದನ್ನು ಬದಲಿಸಿ ಪರೀಕ್ಷಿಸಿದ ಮೇಲೆಯೇ ಇನ್ನೊಂದನ್ನು ಬದಲಿಸುವುದು, ಇವನ್ನು ತರಗತಿಯಲ್ಲಿ ನಾವು ಎಷ್ಟು ಹೇಳಿದರೂ, ತನ್ನ ಇಷ್ಟದ ಕೆಲಸದಲ್ಲಿ ಆಕೆಯು ಕಲಿತಷ್ಟು ಚೆನ್ನಾಗಿ ಕಲಿಸಲಾರೆವು.

ಅಭ್ಯಾಸದ ಪ್ರಶ್ನೆಗಳು

1. ಕಟ್ಟಿನ ಮೊದಲಲ್ಲಿ ಸೂಚಿಯು ಇಲ್ಲದಿದ್ದರೆ ಏನಾಗುತ್ತಿತ್ತು?

2. 4096 ಬಿಂದುಗಳ ಒಂದು ಚಿತ್ರದ ಸ್ಥಳದಲ್ಲಿ 2048 ಬಿಂದುಗಳ ಎಷ್ಟು ಚಿತ್ರಗಳು ಹಿಡಿಯುತ್ತವೆ? ಏಕೆ?

3. ನಿಮ್ಮ ಮನೆಯ ಯಂತ್ರದಲ್ಲಿರುವುದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ? ಹೊಸದನ್ನು ಕೊಳ್ಳುವುದಕ್ಕೆ ಮುಂಚೆ ಮಗಳಿಂದ ಕೇಳಿ ತಿಳಿಯಿರಿ.