ಹಳೆಯ ಟರ್ನ್‌ಟೇಬಲ್ ದುರಸ್ತಿ: ಯಾವ ಖರ್ಚು ಮೊದಲು?

ಹಳೆಯ ಟರ್ನ್‌ಟೇಬಲ್ಲಿನ ನಿಜವಾದ ಬೆಲೆ ಮಾರುವವನು ಹೇಳಿದ ಮೊತ್ತವಷ್ಟೇ ಅಲ್ಲ. ಅದರೊಳಗೆ ಮುಪ್ಪಾಗಿ ಕುಳಿತಿರುವ ಬಿಡಿಭಾಗಗಳನ್ನು ಬದಲಿಸುವ ಖರ್ಚನ್ನೂ ಸೇರಿಸಿದ ಮೇಲೆಯೇ ವ್ಯವಹಾರ ಲಾಭದ್ದೋ ನಷ್ಟದ್ದೋ ಎಂಬುದು ತಿಳಿಯುತ್ತದೆ. ಜಪಾನಿನ ಮತ್ಸುಷಿತಾ ಕಂಪನಿ ಟೆಕ್ನಿಕ್ಸ್ ಹೆಸರಿನಲ್ಲಿ 1979ರಲ್ಲಿ ತಂದ ಎಸ್‌ಎಲ್-1200 ಎಂಕೆ2 ಇದಕ್ಕೆ ತಕ್ಕ ಉದಾಹರಣೆ. ಬೆಲ್ಟಿನ ನೆರವಿಲ್ಲದೆ ಮೋಟರೇ ನೇರವಾಗಿ ತಟ್ಟೆಯನ್ನು ತಿರುಗಿಸುವ, ಕ್ವಾರ್ಟ್ಸ್ ಹರಳಿನ ಕಂಪನವನ್ನು ಅಳತೆಗೋಲಾಗಿಟ್ಟುಕೊಂಡು ವೇಗವನ್ನು ಕಾಯ್ದುಕೊಳ್ಳುವ ಈ ಯಂತ್ರದ ಲೋಹದ ಭಾಗಗಳು ಇಂದಿಗೂ ಗಟ್ಟಿಯಾಗಿವೆ. ದಣಿಯುವುದು ಒಳಗಿನ ಸರ್ಕ್ಯೂಟು.

ಸರ್ಕ್ಯೂಟಿನಲ್ಲಿ ಮೊದಲು ಸೋಲುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಸಮನಾಗಿ ಹರಿಸುವ ಪುಟ್ಟ ಡಬ್ಬಿ. ಅಲ್ಯೂಮಿನಿಯಮ್ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದವಿಟ್ಟು ಸುತ್ತಿ, ಬಾಯಿಗೆ ರಬ್ಬರಿನ ಮುಚ್ಚಳ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ದ್ರಾವಣ ಆ ಮುಚ್ಚಳದ ಮೂಲಕವೇ ಆವಿಯಾಗಿ, ಧಾರಣಶಕ್ತಿ ಕುಗ್ಗಿ, ಒಳಗಿನ ರೋಧ ಏರುತ್ತದೆ. ತಯಾರಕರು ಇದರ ಬಾಳಿಕೆಯನ್ನು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಎಂಬಂತೆ ನಮೂದಿಸುತ್ತಾರೆ, ಉಷ್ಣತೆ 10 ಡಿಗ್ರಿ ಇಳಿದಾಗಲೆಲ್ಲ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ. ಆದರೆ ವಿದ್ಯುತ್ತೇ ಕಾಣದೆ ಅಟ್ಟದ ಮೇಲಿದ್ದ ಯಂತ್ರದಲ್ಲಿಯೂ ಹಾಳೆಗಳ ಮೇಲಿನ ಆಕ್ಸೈಡ್ ಪದರ ಸವಕಲಾಗುವುದರಿಂದ, "ಬಳಸಿಯೇ ಇಲ್ಲ" ಎಂಬ ಮಾತಿಗೆ ಹೆಚ್ಚಿನ ಬೆಲೆ ತೆರಲು ಕಾರಣವಿಲ್ಲ. ಅದನ್ನು ದರ ಇಳಿಸುವ ಕಾರಣವಾಗಿ ಬಳಸುವುದೇ ನ್ಯಾಯ.

ಈ ಡಬ್ಬಿಗಳು ಅಗ್ಗ. ಒಂದೊಂದಕ್ಕೆ ಹೆಚ್ಚೆಂದರೆ ಹತ್ತಾರು ರೂಪಾಯಿ. ಈ ಅಂಕಣಕಾರರ ಖರ್ಚಿನ ಪುಸ್ತಕದಲ್ಲಿ ಬಿಡಿಭಾಗಗಳ ಮೊತ್ತಕ್ಕಿಂತ ಬಿಚ್ಚಿ, ಬೆಸೆದು, ಅಳೆದು ನೋಡಿದ ಕೂಲಿಯೇ ಪ್ರತಿಬಾರಿಯೂ ಹಲವು ಪಟ್ಟು ದೊಡ್ಡದು. ಇವೆರಡಕ್ಕಿಂತಲೂ ದುಬಾರಿಯಾದದ್ದು ಮೋಟರನ್ನು ನಡೆಸುವ ಐಸಿ: ಅದರ ತಯಾರಿಕೆ ನಿಂತುಹೋಗಿದೆ, ಹಳೆಯ ದಾಸ್ತಾನು ಸಿಕ್ಕರೂ ಅಸಲಿಯೆಂಬ ಖಾತರಿಯಿಲ್ಲ. ವಿದ್ಯುತ್ ಪೂರೈಸುವ ಭಾಗ ಕೆಟ್ಟು ವೋಲ್ಟೇಜ್ ಏರಿದರೆ ಆ ಪೆಟ್ಟು ಬೀಳುವುದು ಈ ಐಸಿಯ ಮೇಲೆ. ಆದ್ದರಿಂದ ಮೊದಲ ರೂಪಾಯಿ ಖರ್ಚಾಗಬೇಕಾದದ್ದು ವಿದ್ಯುತ್ ಪೂರೈಕೆಯ ಕೆಪಾಸಿಟರುಗಳಿಗೆ, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿನ ತಪಾಸಣೆಗೆ. ಕೂಲಿ ಹೇಗೂ ತೆರುವುದರಿಂದ ಒಮ್ಮೆ ಬಿಚ್ಚಿದಾಗ ಉಳಿದ ಎಲೆಕ್ಟ್ರೋಲೈಟಿಕ್‌ಗಳನ್ನೂ ಬದಲಿಸುವುದು ಜಾಣತನ; ಒಣಗಲು ದ್ರವವೇ ಇಲ್ಲದ ಸೆರಾಮಿಕ್, ಫಿಲ್ಮ್ ಕೆಪಾಸಿಟರುಗಳನ್ನು ಮುಟ್ಟಬೇಕಾಗಿಲ್ಲ. ಯೂರೋಪಿನ ಹಳೆಯ ಯಂತ್ರಗಳಲ್ಲಿ ಮಾತ್ರ ಮುಖ್ಯ ವಿದ್ಯುತ್ ತಂತಿಗೆ ಅಡ್ಡವಾಗಿರುವ ಲೋಹಲೇಪಿತ ಕಾಗದದ ಕೆಪಾಸಿಟರನ್ನು ತಪ್ಪದೆ ತೆಗೆಸಬೇಕು. ಅದರ ಕವಚ ಬಿರುಕುಬಿಟ್ಟು ತೇವ ಒಳಹೊಕ್ಕಾಗ ಅದು ಹೊಗೆಯಾಡುತ್ತದೆ. ಅದರ ಜಾಗಕ್ಕೆ ಎಕ್ಸ್2 ಗುರುತಿನ, ಅಂದರೆ ಮುಖ್ಯ ವಿದ್ಯುತ್ತಿಗೆಂದೇ ಸುರಕ್ಷತಾ ಪರೀಕ್ಷೆಗೆ ಒಳಗಾದ ಕೆಪಾಸಿಟರೇ ಬರಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ದೊರೆಯುತ್ತವೆಯಾದರೂ, ನಿಚಿಕಾನ್, ರೂಬಿಕಾನ್‌ನಂಥ ಕೆಪಾಸಿಟರ್ ತಯಾರಕರ ಹೆಸರಿನ ನಕಲಿ ಸರಕೂ ಜಗತ್ತಿನ ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದರಿಂದ, ಅಧಿಕೃತ ವಿತರಕರಿಂದ ಬಿಲ್ಲು ಸಮೇತ 105 ಡಿಗ್ರಿ ದರ್ಜೆಯವನ್ನು ಕೊಳ್ಳುವುದು ಲೇಸು. ಜಪಾನಿನ ಒಳಮಾರುಕಟ್ಟೆಗೆಂದು ಮಾಡಿದ ಯಂತ್ರಗಳು 100 ವೋಲ್ಟಿನವು. ಇಲ್ಲಿನ 230 ವೋಲ್ಟಿಗೆ ಹೊಂದಿಸುವ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಖರೀದಿಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

ಹಣ ಅತಿ ಹೆಚ್ಚು ಪೋಲಾಗುವುದು "ಆಡಿಯೋ ದರ್ಜೆ" ಎಂಬ ದುಬಾರಿ ಕೆಪಾಸಿಟರುಗಳಲ್ಲಿ. ಎಸ್‌ಎಲ್-1200 ಎಂಕೆ2ರಲ್ಲಿ ಹಾಡಿನ ಸಂಕೇತ ಈ ಸರ್ಕ್ಯೂಟಿನೊಳಗೆ ಹಾಯುವುದೇ ಇಲ್ಲ. ಮುಳ್ಳು ಎತ್ತಿಕೊಂಡ, ಕೆಲವೇ ಮಿಲಿವೋಲ್ಟಿನ ಆ ಸಂಕೇತ ತೋಳಿನ ತಂತಿಗಳ ಮೂಲಕ ನೇರವಾಗಿ ಹೊರಗಿನ ಆಂಪ್ಲಿಫೈಯರಿಗೆ ಹೋಗುತ್ತದೆ. ಒಳಗಿನ ಕೆಪಾಸಿಟರುಗಳ ಪಾಲಿಗೆ ಇರುವುದು ತಟ್ಟೆಯನ್ನು ಸಮವೇಗದಲ್ಲಿ ತಿರುಗಿಸುವ ಕೆಲಸವೊಂದೇ. ಅಲ್ಲಿ ಉಳಿಸಿದ ಹಣ ಹೊಸ ಮುಳ್ಳಿಗೆ ಸಲ್ಲಬೇಕು, ಏಕೆಂದರೆ 500ರಿಂದ 1000 ಗಂಟೆಗಳಲ್ಲಿ ಸವೆಯುವ ವಜ್ರದ ಆ ತುದಿ ಸವೆದ ಮೇಲೂ ಓಡಿದರೆ ಮರಳಿ ಸಿಗದ ರೆಕಾರ್ಡುಗಳ ಗೆರೆಗಳನ್ನೇ ಕೆರೆದುಹಾಕುತ್ತದೆ.