ಮೊದಲ ನೋಟದಲ್ಲೇ ಮನಸಾರೆ ನೋಡು

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ನೀನು ಮೇಷ್ಟ್ರ ಕೆಲಸಕ್ಕೆ ಸೇರಿದ ಸುದ್ದಿ ಓದಿ ಮನೆಯವರೆಲ್ಲ ಹಿಗ್ಗಿದೆವು. ಆದರೆ ಕಾಗದದ ಕೊನೆಗೆ, "ಮಕ್ಕಳ ಮುಖವೇ ಗುರುತು ಸಿಗುತ್ತಿಲ್ಲ ಅಜ್ಜ, ನನ್ನ ಜ್ಞಾಪಕಶಕ್ತಿ ಮಂದ" ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಹಾಜರಿ ಪುಸ್ತಕದಿಂದ ತಲೆಯೆತ್ತಿ, "ಎಸ್ ಮಿಸ್" ಎಂದ ಮಗುವಿನತ್ತ ಒಮ್ಮೆ ಕಣ್ಣು ಹಾಯಿಸಿ ಮುಂದಿನ ಹೆಸರಿಗೆ ಹೋದರೆ ಯಾರಿಗೂ ಮುಖ ನೆನಪಿನಲ್ಲಿ ಉಳಿಯುವುದಿಲ್ಲ.

ಯಾಕೆ ಅಂತೀಯಾ? ಕೈ ಚಾಚಿ ನಿನ್ನ ಹೆಬ್ಬೆರಳಿನ ಉಗುರು ನೋಡು. ಕಣ್ಣು ಒಂದು ಸಲಕ್ಕೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ, ಸುಮಾರು 2 ಡಿಗ್ರಿ. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತದೆ. ಜಿಗಿದಲ್ಲೆಲ್ಲ ಒಂದು ಚಣ ನಿಂತು ಅಲ್ಲಿನ ವಿವರ ಎತ್ತಿಕೊಳ್ಳುತ್ತದೆ.

ಹೀಗೆ ನಿಲ್ಲುವುದಕ್ಕೂ ಮುಂದೆ ಗುರುತು ಹಿಡಿಯುವುದಕ್ಕೂ ನಂಟಿದೆಯೆಂದು ಮನಶ್ಶಾಸ್ತ್ರಜ್ಞ ಜೆಫ್ರಿ ಲಾಫ್ಟಸ್ 1972ರಲ್ಲೇ ತೋರಿಸಿದರು. ಅವರ ಪ್ರಯೋಗದಲ್ಲಿ ಜನ ಚಿತ್ರವನ್ನು ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕಿಂತ, ಆ ಹೊತ್ತಿನಲ್ಲಿ ಕಣ್ಣು ಎಷ್ಟು ಸಲ ನಟ್ಟಿತು ಎನ್ನುವುದರ ಮೇಲೆ ನೆನಪು ನಿಂತಿತ್ತು.

ನಿನಗೆ ನೇರವಾಗಿ ಬೇಕಾದದ್ದು ಅಮೆರಿಕದ ಜಾನ್ ಹೆಂಡರ್ಸನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದಷ್ಟು ಹೊಸ ಮುಖಗಳನ್ನು ಕಣ್ಣಾಡಿಸಿ ನೋಡಲು ಬಿಟ್ಟರು. ಇನ್ನೊಂದಷ್ಟನ್ನು ನಟ್ಟನಡುವೆ ಕಣ್ಣು ನೆಟ್ಟು, ಅಲುಗಿಸದೆ ನೋಡಬೇಕೆಂದರು. ಆಮೇಲೆ ಪರೀಕ್ಷೆ. ಅಲುಗಿಸದೆ ನೋಡಿದ ಮುಖಗಳನ್ನು ಗುರುತಿಸುವಾಗ ಜನ ಎಡವಿದರು. ಗುರುತಿಸುವ ಹೊತ್ತಿಗೆ ಕಣ್ಣಿಗೆ ಯಾವ ಕಟ್ಟೂ ಇರಲಿಲ್ಲ. ಎರಡೂ ಬಗೆಯ ಮುಖಗಳ ಮೇಲೆ ಅದು ಹೆಚ್ಚುಕಡಿಮೆ ಒಂದೇ ಥರ ಓಡಾಡಿತು. ಆದರೂ ಕಲಿಯುವಾಗ ಎತ್ತಿಕೊಳ್ಳದೆ ಬಿಟ್ಟದ್ದು ಆಗ ಕೈಗೆ ಸಿಗಲಿಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೋ ಪುಟ್ಟಿ. ನೆನಪಿಸಿಕೊಳ್ಳಲು ತಿಣುಕುವುದಕ್ಕಿಂತ ಮೊದಲ ಸಲ ನೋಡುವಾಗಲೇ ಶ್ರಮ ಹಾಕಬೇಕು.

ಟೊರಾಂಟೊದ ಸಂಶೋಧಕರು 2017ರಲ್ಲಿ ಮಿದುಳನ್ನೂ ನೋಡಿದರು. ಹೊಸ ಮುಖದ ಮೇಲೆ ಕಣ್ಣು ಹೆಚ್ಚು ಸಲ ನಿಂತಷ್ಟೂ, ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದ ಚಟುವಟಿಕೆಯೂ ಹೆಚ್ಚಿತ್ತು.

ಹಾಗೆಂದು ಸುಮ್ಮನೆ ಕಣ್ಣು ಗಿರಗಿರನೆ ತಿರುಗಿಸು ಎನ್ನುತ್ತಿಲ್ಲ. ನಾಳೆ ಹಾಜರಿ ಕರೆಯುವಾಗ ಪ್ರತಿ ಮಗುವಿಗೂ ಐದಾರು ಸೆಕೆಂಡು ಕೊಡು. ಮೊದಲು ಕಣ್ಣು ನೋಡು, ಆಮೇಲೆ ಹುಬ್ಬು, ಮೂಗು, ತುಟಿ. ಹುಬ್ಬಿನ ಮೇಲೊಂದು ಹಳೇ ಗಾಯದ ಗೆರೆ ಇರಬಹುದು, ನಕ್ಕಾಗ ಒಂದು ಹಲ್ಲು ಮತ್ತೊಂದರ ಮೇಲೆ ಏರಿರಬಹುದು. ಜಡೆ, ರಿಬ್ಬನ್ ನೆಚ್ಚಬೇಡ. ಅವು ದಿನಕ್ಕೊಂದು ಥರ.

ಟೀಚರ್ ತಮ್ಮನ್ನು ಸರಿಯಾಗಿ ನೋಡಿದರೋ ಇಲ್ಲವೋ ಎನ್ನುವುದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ಹಿಂದಿನ ಬೆಂಚಿನವರಿಗಂತೂ ಮೊದಲೇ ಗೊತ್ತಾಗುತ್ತದೆ. ಆದ್ದರಿಂದ ಹಾಜರಿಯನ್ನು ಹಿಂದಿನ ಬೆಂಚಿನಿಂದಲೇ ಶುರುಮಾಡು. ವೇಳೆಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಪ್ರೀತಿಯ
ಅಜ್ಜ